ಒಂಬತ್ತನೆಯ ಹೆಸರು

ಹೊಳೆಯ ದಡದಲ್ಲಿ ಒಂದು ಹಳೆಯ ಸ್ಮಶಾನ. ಪ್ಲೇಗಿನ ಕಾಲದಲ್ಲಿ ಸತ್ತ ಕ್ರೈಸ್ತರನ್ನು ಊರಿಂದ ದೂರ ತಂದು ಹೂಳಿದ ಜಾಗ. ಪಕ್ಕದಲ್ಲೊಂದು ಹೆಂಚಿನ ಪ್ರಾರ್ಥನಾಲಯ, ಎರಡು ಕೋಣೆ. ಜನ ಅದನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿದ್ದ ಮುದುಕರು ಮನೆ ಅನ್ನುತ್ತಿದ್ದರು.

ಮುದುಕರ ಹೆಸರು ಇನ್ನಾಸಪ್ಪ. ಪಾದ್ರಿಯೂ ಅಲ್ಲ, ಸನ್ಯಾಸಿಯೂ ಅಲ್ಲ, ಉಪದೇಶಿ. ನಲವತ್ತು ವರ್ಷ ಊರೂರು ಅಲೆದು ಮಕ್ಕಳಿಗೆ ಜಪ ಕಲಿಸಿದವರು, ಪಾದ್ರಿಗಳು ಬರುವುದು ತಡವಾದಾಗ ಹೆಣದ ಮುಂದೆ ನಿಂತು ಪ್ರಾರ್ಥನೆ ಹೇಳಿದವರು. ಈಗ ಮಂಡಿ ನೋವು. ಹೊಗಳಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬೈದರೆ ಚೆನ್ನಾಗಿ ಕೇಳಿಸುತ್ತಿತ್ತು.

ಅವರಿಗಿದ್ದವನು ಒಬ್ಬನೇ ಶಿಷ್ಯ, ಚೌರಪ್ಪ. ವಯಸ್ಸು ಮೂವತ್ತಮೂರು. ಬೇಸಿಗೆಯಲ್ಲಿ ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದ.

"ಯಾಕೆ ಬಂದೆ?" ಎಂದು ಕೇಳಿದ್ದರು ಇನ್ನಾಸಪ್ಪ.

"ಪ್ರಾರ್ಥನೆ ಮಾಡಕ್ಕೆ ಕಲೀಬೇಕು."

"ನಿಮ್ಮೂರಲ್ಲಿ ಗುಡಿ ಇಲ್ವಾ?"

ಚೌರಪ್ಪ ನೆಲ ನೋಡಿದ.

"ಪೊರಕೆ ಬಾಗಿಲ ಹಿಂದೆ ಇದೆ ನೋಡು," ಎಂದರು ಮುದುಕರು. ದೀಕ್ಷೆ ಅಂತ ಆಗಿದ್ದು ಅಷ್ಟೇ.

ಅವನು ಮಾಡಿದ್ದೇನೆಂದು ಸುತ್ತಲಿನ ಹತ್ತು ಹಳ್ಳಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ, ಮರಿಯಮಾತೆಯ ಹುಟ್ಟುಹಬ್ಬದ ದಿನ, ಅವನ ಬೀದಿಯವರು ಇಪ್ಪತ್ತಾರು ಜನ ಅವನ ಟ್ರ್ಯಾಕ್ಟರಿನ ಟ್ರೈಲರ್ ಹತ್ತಿ ಬೆಟ್ಟದ ಮಾತೆಯ ಗುಡಿಗೆ, ಅಂದರೆ ಬೆಟ್ಟದ ಮೇಲಿನ ಚರ್ಚಿಗೆ, ಹೊರಟಿದ್ದರು. ಇವರನ್ನು ಬೇಗ ಮುಟ್ಟಿಸಿ ಇನ್ನೊಂದು ಟ್ರಿಪ್ಪಿಗೆ ತಿರುಗಿ ಬರಬೇಕು ಎಂಬ ಆತುರ ಚೌರಪ್ಪನಿಗೆ. ನಾಲೆಯ ಏರಿಯ ಮೇಲೆ ಗಾಡಿ ಬಿಟ್ಟ.

ಹಿಂದೆ ಟ್ರೈಲರಿನಲ್ಲಿ ಜಪಮಾಲೆಯಮ್ಮ ಮಣಿ ಎಣಿಸುತ್ತ ಎಲ್ಲರಿಂದ ಜಪಸರ ಹೇಳಿಸುತ್ತಿದ್ದಳು. ಜಪದ ಮಧ್ಯೆಯೇ ಕೂಗಿ ಹೇಳಿದಳು: "ನಿಧಾನ ಕಣೋ ಚೌರ!" ಅವನು ಗೇರು ಬದಲಿಸಲಿಲ್ಲ. ತಿರುವಿನಲ್ಲಿ ಟ್ರೈಲರ್ ಮಗುಚಿ ನಾಲೆಗೆ ಬಿತ್ತು. ಒಂಬತ್ತು ಜನ ಸತ್ತರು. ಚೌರಪ್ಪನ ಮೊಣಕೈ ತರಚಿತ್ತು.

ಅವನು ಅಲ್ಲಿಂದ ಓಡಿಹೋದ. ಮೂರು ದಿನ ಬಿಟ್ಟು ತಾನೇ ಹೋಗಿ ಠಾಣೆಯಲ್ಲಿ ಕೂತ. ಎರಡು ವರ್ಷ ಜೈಲಾಯಿತು. ಬಿಟ್ಟ ಮೇಲೆ ಬಸ್ಸು ಹತ್ತಿದ, ಆದರೆ ಊರು ಬಂದಾಗ ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲೂ ಇಳಿಯಲಿಲ್ಲ. ಕೊನೆಗೆ ಇಳಿದಿದ್ದು ಈ ಹೊಳೆಯ ಹತ್ತಿರ.

ನವೆಂಬರ್ ಬಂತು. ಕ್ರೈಸ್ತರಿಗೆ ಅದು ಸತ್ತವರ ತಿಂಗಳು.

ಒಂದನೇ ತಾರೀಖು ಸಕಲ ಸಂತರ ಹಬ್ಬ. ಹೊಳೆಯಾಚೆಯ ದೊಡ್ಡ ಗುಡಿಯಲ್ಲಿ ಪೂಜೆ ಮುಗಿದ ಮೇಲೆ ಪಾದ್ರಿಗಳು ನಿಯಮ ಓದಿ ಹೇಳಿದರು: ಇವತ್ತಿನಿಂದ ಎಂಟನೇ ತಾರೀಖಿನ ತನಕ, ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿ, ಪೂಜೆಯಲ್ಲಿ ಪ್ರಸಾದ ಸ್ವೀಕರಿಸಿ, ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ, ಸ್ವರ್ಗಕ್ಕೆ ಹೋಗುವ ಮುಂಚೆ ಪಾಪ ಕಳೆದುಕೊಳ್ಳಲು ಶುದ್ಧೀಕರಣ ಸ್ಥಳದಲ್ಲಿ ಬೇಯುತ್ತಿರುವ ಒಂದು ಆತ್ಮಕ್ಕೆ ಪೂರ್ತಿ ಬಿಡುಗಡೆ. ದಿನಕ್ಕೆ ಒಂದು ಆತ್ಮ.

ಚೌರಪ್ಪ ಓಡೋಡಿ ಬಂದ. ಇನ್ನಾಸಪ್ಪ ಜಗಲಿಯಲ್ಲಿ ಮೇಣದ ತುಂಡುಗಳನ್ನು ಆರಿಸುತ್ತಿದ್ದರು.

"ಉಪದೇಶಿಗಳೇ, ದಿನಕ್ಕೆ ಒಬ್ಬರೇನಾ?"

"ಒಬ್ಬರೇ."

"ಎಂಟೇ ದಿನಾನಾ?"

"ಎಂಟೇ."

"ನನ್ನವರು ಒಂಬತ್ತು ಜನ."

ಇನ್ನಾಸಪ್ಪ ಒಂದು ತುಂಡನ್ನು ಬೆಳಕಿಗೆ ಹಿಡಿದು ಬತ್ತಿ ಇದೆಯಾ ಅಂತ ನೋಡಿದರು.

"ಯಾರನ್ನ ಬಿಡ್ತೀಯ?"

ಚೌರಪ್ಪನಿಗೆ, ಬಿಡುವುದು ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡುವ ಮನುಷ್ಯನನ್ನು ಗುರು ಅಂತ ಯಾಕೆ ನಂಬಿದೆನೋ ಅನ್ನಿಸಿತು.

"ಯಾರನ್ನೂ ಬಿಡಕ್ಕಾಗಲ್ಲ."

"ಹಾಗಾದ್ರೆ ಪೋಪರಿಗೆ ಕಾಗದ ಬರಿ. ಒಂದು ದಿನ ಜಾಸ್ತಿ ಕೊಡಿ ಅಂತ."

ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ಚೌರಪ್ಪ ಎದ್ದು ಹೋದ.

ಆ ಸಂಜೆ ಅವನು ಒಂದು ಹಾಳೆಯಲ್ಲಿ ಹೆಸರು ಬರೆದ. ನವೆಂಬರಿನಲ್ಲಿ ಹಾಗೊಂದು ಪದ್ಧತಿ. ಮನೆಮನೆಯವರು ತಮ್ಮ ಸತ್ತವರ ಹೆಸರು ಬರೆದು ಪೀಠದ ಮೇಲಿಡುತ್ತಾರೆ. ತಿಂಗಳು ಪೂರ್ತಿ ಸಂಜೆ ಪ್ರಾರ್ಥನೆಯಲ್ಲಿ ಅದನ್ನು ಓದುತ್ತಾರೆ. ಆಶ್ರಮದ ಸುತ್ತಲಿನ ಏಳೆಂಟು ಮನೆಯವರ ಹಾಳೆಗಳು ಆಗಲೇ ಬಂದಿದ್ದವು.

ಜಪಮಾಲೆಯಮ್ಮ. ಅರುಳಪ್ಪ. ಅವನ ಹೆಂಡತಿ ಸಂತಾನಮ್ಮ. ಅಕ್ಕತಂಗಿಯರು ಸಗಾಯಮೇರಿ, ಪುಷ್ಪಮೇರಿ. ಬಡಗಿ ಗಾಬ್ರಿಯೇಲಪ್ಪ. ಅವನ ತಾಯಿ ಅನ್ನಮ್ಮ. ದೇವಸಗಾಯ.

ಒಂಬತ್ತನೆಯದಕ್ಕೆ ಚೌರಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಆಮೇಲೆ 'ಒಂದು ಮಗು' ಎಂದು ಬರೆದ.

ಪ್ರಾರ್ಥನೆಯ ಹೊತ್ತಿಗೆ ಇನ್ನಾಸಪ್ಪ ಕನ್ನಡಕ ಏರಿಸಿ ಎಲ್ಲ ಹಾಳೆಗಳನ್ನೂ ಓದಿದರು. ಚೌರಪ್ಪನ ಹಾಳೆಯಲ್ಲಿ ಎಂಟು ಹೆಸರು ಓದಿ ನಿಲ್ಲಿಸಿದರು. ಹಾಳೆ ಮಡಿಸಿ ಕೆಳಗಿಟ್ಟರು.

"ಇನ್ನೊಂದಿದೆ," ಎಂದ ಚೌರಪ್ಪ.

"ಇಲ್ಲಿ ಹೆಸರು ಓದ್ತೀವಿ ಕಣಪ್ಪ. ಅದು ಹೆಸರಲ್ಲ."

ಮಾರನೆಯ ದಿನ ಸತ್ತವರ ಹಬ್ಬ. ಸ್ಮಶಾನಕ್ಕೆ ಜನ ಬಂದರು. ಗೋರಿಗಳಿಗೆ ಸುಣ್ಣ ಬಳಿದರು, ಚೆಂಡುಹೂ ಇಟ್ಟರು, ಮೇಣದಬತ್ತಿ ಹಚ್ಚಿದರು. ಯಾರೋ ಒಬ್ಬಾಕೆ ತನ್ನ ಮೇಕೆಯನ್ನು ಬೇಲಿಯ ಆಚೆ ಕಟ್ಟಿ, ಮರಿಯನ್ನು ಈಚೆ ಕಟ್ಟಿದ್ದಳು. ಮರಿ ಅರಚಲು ಶುರುಮಾಡಿತು.

ಚೌರಪ್ಪ ಪ್ರಾರ್ಥನೆಯ ನಡುವೆ ಎದ್ದು ಹೊಳೆಯ ಕಡೆ ಹೋಗಿಬಿಟ್ಟ. ಮರಿಯ ಸದ್ದು ನಿಂತ ಮೇಲೆ ಬಂದ. ಕಾಲೆಲ್ಲ ಕೆಸರಾಗಿತ್ತು.

"ಎಲ್ಲಿ ಹೋಗಿದ್ದೆ?"

"ಮುಖ ತೊಳಕೊಳ್ಳಕ್ಕೆ."

ಇನ್ನಾಸಪ್ಪ ಅವನ ಒಣಗಿದ ಮುಖ ನೋಡಿದರು.

ಒಂದನೇ ತಾರೀಖಿನಿಂದಲೇ ದಿನವೂ ಚೌರಪ್ಪ ಹೀಗೆ ಮಾಡಿದ. ಬೆಳಗಾಗುವ ಮುಂಚೆ ಎದ್ದು ಸೇತುವೆ ದಾಟಿ ನಾಲ್ಕು ಮೈಲಿ ನಡೆದು ಪೂಜೆಗೆ ಹೋದ. ಪ್ರಸಾದ ಸ್ವೀಕರಿಸಿ ನಾಲ್ಕು ಮೈಲಿ ವಾಪಸ್ಸು ಬಂದ. ಸ್ಮಶಾನದಲ್ಲಿ ಮಂಡಿಯೂರಿ ಒಬ್ಬರ ಹೆಸರು ಹೇಳಿ ಪ್ರಾರ್ಥಿಸಿದ. ಒಂದೊಂದು ದಿನವೂ ಒಬ್ಬೊಬ್ಬರನ್ನು ಬೆಂಕಿಯಿಂದ ಎತ್ತಿ ಆಚೆಗೆ ಹಾಕುತ್ತಿದ್ದೇನೆ ಅಂತ ಅವನಿಗೆ ಅನ್ನಿಸುತ್ತಿತ್ತು. ನಾಲೆಯಿಂದ ಎತ್ತದವರನ್ನು ಇಲ್ಲಿಂದಲಾದರೂ ಎತ್ತಿದೆನಲ್ಲ ಎಂದು ಎದೆ ಹಗುರಾಗುತ್ತಿತ್ತು.

"ಇವತ್ತು ಯಾರು?" ಎಂದು ಸಂಜೆ ಕೇಳುತ್ತಿದ್ದರು ಇನ್ನಾಸಪ್ಪ.

"ಸಗಾಯಮೇರಿ. ಟೀಚರ್ ಟ್ರೈನಿಂಗ್ ಓದ್ತಿದ್ದಳು."

ಇನ್ನೊಂದು ದಿನ: "ಗಾಬ್ರಿಯೇಲಪ್ಪ. ನಮ್ಮ ಮನೆ ಬಾಗಿಲು ಮಾಡಿದವನು ಅವನೇ."

ಏಳನೆಯ ದಿನ: "ದೇವಸಗಾಯ. ನನ್ನ ಜೊತೆ ಓದಿದವನು. ಹೆಂಡತಿ ಬದುಕಿದಾಳೆ. ಮದಲೇನಮ್ಮ ಅಂತ."

"ಆ ಮಗು ಇವರದೇನಾ?"

"ಹೂಂ."

ಮುದುಕರು ಬೇರೆ ಮಾತೆತ್ತಿದರು.

ಎಂಟನೆಯ ದಿನ ಚೌರಪ್ಪ ಸ್ಮಶಾನದಿಂದ ಬಂದಾಗ ಮುಖದಲ್ಲಿ ಏನೋ ಒಂದು ಕಳೆ ಇತ್ತು. ನೀರು ಕುಡಿದು ಜಗಲಿಯಲ್ಲಿ ಕೂತ.

"ಮುಗೀತು ಉಪದೇಶಿಗಳೇ. ಜಪಮಾಲೆಯಮ್ಮನಿಗೆ ಕೊನೇ ದಿನ ಇಟ್ಟಿದ್ದೆ."

"ಎಂಟೂ ಜನ ಹೊರಗೆ ಬಂದ್ರಾ?"

"ನಂಬಿಕೆ ಇಟ್ಟು ಮಾಡಿದೀನಿ."

"ಮಗು?"

"ಅದಕ್ಕೆ ಬೇಡ." ಚೌರಪ್ಪ ಇದಕ್ಕೆ ತಯಾರಾಗಿದ್ದ. "ಇಪ್ಪತ್ತೆರಡು ದಿನದ ಕೂಸು ಏನು ಪಾಪ ಮಾಡಿರುತ್ತೆ? ಪಾಪ ಇಲ್ಲದ ಮೇಲೆ ಶುದ್ಧೀಕರಣ ಸ್ಥಳ ಎಲ್ಲಿಂದ ಬಂತು? ನೇರ ದೇವರ ಹತ್ರ ಹೋಗಿರುತ್ತೆ. ಅದಕ್ಕೇ ಬಿಟ್ಟೆ."

"ಚೆನ್ನಾಗಿ ಹೊಂದಿಸಿದೀಯ."

"ತಪ್ಪಾ?"

"ಧರ್ಮೋಪದೇಶದಲ್ಲಿ ನೂರಕ್ಕೆ ನೂರು ಕೊಡ್ತಿದ್ದೆ." ಮುದುಕರು ಊರುಗೋಲು ನೆಲಕ್ಕೆ ಊರಿದರು. "ಮೇಕೆಮರಿ ಅರಚಿದ್ರೆ ನೀನ್ಯಾಕೆ ಹೊಳೆಗೆ ಓಡ್ತೀಯ ಚೌರ?"

ಚೌರಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

ಹೊಳೆಯ ಆಚೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಅದು ಅಳ್ತಿತ್ತು," ಎಂದ ಚೌರಪ್ಪ.

ಇನ್ನಾಸಪ್ಪ ಊರುಗೋಲನ್ನು ಗೋಡೆಗೆ ಒರಗಿಸಿದರು.

"ಟ್ರೈಲರ್ ಮಗುಚಿದ ಮೇಲೆ ನಾನು ಏರಿ ಮೇಲೆ ಎದ್ದು ನಿಂತೆ. ಮೊದಲು ಯಾವ ಸದ್ದೂ ಇರ್ಲಿಲ್ಲ. ಆಮೇಲೆ ಅದು ಅಳಕ್ಕೆ ಶುರು ಮಾಡ್ತು. ಟ್ರೈಲರಿನ ಅಡಿಯಿಂದ. ಒಂದು ಕಡೆ ಏರಿಗೆ ಒರಗಿ ಸಂದು ಬಿಟ್ಟಿತ್ತು. ಅಲ್ಲಿ ಕೈ ಹಾಕಿದ್ರೆ ಸಿಗ್ತಿತ್ತು. ನೀರು ಇನ್ನೂ ಅಲ್ಲಿಗೆ ಬಂದಿರ್ಲಿಲ್ಲ."

"ಹೂಂ."

"ಗದ್ದೆ ಕಡೆಯಿಂದ ಜನ ಕೂಗ್ಕೊಂಡು ಬರ್ತಿದ್ರು. ಕೈಯಲ್ಲಿ ದೊಣ್ಣೆ ಇತ್ತೋ ಗುದ್ದಲಿ ಇತ್ತೋ. ನನ್ನ ಕೊಂದುಬಿಡ್ತಾರೆ ಅನ್ನಿಸ್ತು. ಓಡಿದೆ. ಓಡುವಾಗಲೂ ಕೇಳಿಸ್ತಿತ್ತು. ಆಮೇಲೆ ನಿಂತೋಯ್ತು."

"ನೀನು ದೂರ ಹೋಗಿದ್ದಕ್ಕೆ ನಿಂತಿತಾ?"

"ಅಷ್ಟು ದೂರ ಹೋಗಿರ್ಲಿಲ್ಲ."

ಅವನು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದು ಅವನು ಎಂದೋ ತೀರ್ಮಾನಿಸಿದ್ದ.

"ಯಾರಿಗೆ ಹೇಳಿದೀಯ ಇದನ್ನ?"

"ಯಾರಿಗೂ ಇಲ್ಲ."

"ಪಾದ್ರಿಗಳಿಗೆ?"

"ವೇಗವಾಗಿ ಓಡಿಸಿದೆ ಅಂದೆ. ಅಲ್ಲಿ ನಿಲ್ಲದೆ ಓಡಿಹೋದೆ ಅಂದೆ. ಇದು ಬಾಯಿಗೆ ಬರ್ಲಿಲ್ಲ. ಜೈಲಲ್ಲೂ ಬರ್ಲಿಲ್ಲ. ಮೊನ್ನೆ ಹಬ್ಬದ ಹಿಂದಿನ ದಿನಾನೂ ಬರ್ಲಿಲ್ಲ." ಹೇಳುತ್ತ ಹೇಳುತ್ತ ಅವನ ಧ್ವನಿ ಕುಗ್ಗಿತು. ಬೇಕೆಂದೇ ಒಂದು ಪಾಪ ಮುಚ್ಚಿಟ್ಟರೆ ಇಡೀ ನಿವೇದನೆಯೇ ಕೆಡುತ್ತದೆ, ಅದರ ಮೇಲೆ ನಿಂತ ಬಿಡುಗಡೆಯೂ ನಿಲ್ಲುವುದಿಲ್ಲ. ಎಂಟು ವರ್ಷದ ಮಕ್ಕಳಿಗೂ ಉಪದೇಶಿಗಳು ಇದನ್ನು ಕಲಿಸುತ್ತಾರೆ. "ಹಾಗಾದ್ರೆ ಈ ಎಂಟು ದಿನ..."

"ದಿನಕ್ಕೆ ಎಂಟು ಮೈಲಿ ನಡೆದೆ," ಎಂದರು ಇನ್ನಾಸಪ್ಪ. "ಕಾಲಿಗೆ ಒಳ್ಳೇದು."

ಚೌರಪ್ಪನಿಗೆ ಆ ಕ್ಷಣ ಮುದುಕರನ್ನು ಎತ್ತಿ ಹೊಳೆಗೆ ಹಾಕುವಷ್ಟು ಸಿಟ್ಟು ಬಂತು. ಎಂಟು ಜನರೂ ಒಬ್ಬೊಬ್ಬರಾಗಿ ಮತ್ತೆ ಬೆಂಕಿಯೊಳಗೆ ಇಳಿದು ಹೋದಂತೆ ಅನ್ನಿಸಿತು. ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

ಮಾರನೆಯ ದಿನ ಹೋಗಿ ಪಾದ್ರಿಗಳ ಬಳಿ ಪೂರ್ತಿ ಹೇಳಿಕೊಂಡ. ಮಧ್ಯಾಹ್ನ ತಿರುಗಿ ಬಂದು ಬಾಗಿಲ ಹತ್ತಿರ ನಿಂತ.

"ಹೇಳಿದೆಯಾ?"

"ಹೇಳಿದೆ. ಕ್ಷಮಾಪಣೆ ಕೊಟ್ಟರು. ಮೂರು ಜಪಸರ ಮಾಡು ಅಂದ್ರು."

"ಸರಿಹೋಯ್ತಲ್ಲ."

"ಸರಿಹೋಗಿಲ್ಲ."

"ದೇವರ ಜೊತೆ ಸರಿಹೋಯ್ತು. ಇನ್ಯಾರ ಜೊತೆ ಬಾಕಿ?"

ಚೌರಪ್ಪ ಬಾಗಿಲ ಹಿಂದಿನ ಪೊರಕೆ ಕೈಗೆ ತೆಗೆದುಕೊಂಡ.

ಇನ್ನಾಸಪ್ಪ ಪೀಠದ ಮೇಲಿಂದ ಅವನ ಹಾಳೆ ತಂದು ಕೈಗಿಟ್ಟರು. "ಮಗುವಿಗೆ ಹೆಸರು ಇಟ್ಟಿರ್ಲಿಲ್ವಾ?"

"ಬೆಟ್ಟದ ಗುಡೀಲಿ ಜ್ಞಾನಸ್ನಾನ ಮಾಡ್ಸಿ ಅಲ್ಲೇ ಹೇಳ್ತೀವಿ ಅಂತ ಗುಟ್ಟಾಗಿ ಇಟ್ಕೊಂಡಿದ್ರು. ಗಂಡ ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ. ದೇವಸಗಾಯ ಸತ್ತ."

"ಹಾಗಾದ್ರೆ ಒಬ್ಬಳಿಗೆ ಗೊತ್ತು. ಹೋಗಿ ಕೇಳ್ಕೊಂಡು ಬಾ."

"ಆಗಲ್ಲ ಉಪದೇಶಿಗಳೇ."

"ಆದಾಗ ಹೋಗು."

ಹನ್ನೊಂದನೇ ತಾರೀಖು ಸಂತ ಮಾರ್ಟಿನರ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕ ಆತ. ಹಬ್ಬ ಕಳೆಯಲಿ, ಹೋಗುತ್ತೇನೆ ಎಂದ ಚೌರಪ್ಪ.

ಹದಿನೇಳಕ್ಕೆ ಬಡವರಿಗೆ ರೊಟ್ಟಿ ಹಂಚಿದ ರಾಜಕುಮಾರಿ ಸಂತ ಎಲಿಜಬೆತ್ತಮ್ಮನವರ ಹಬ್ಬ. ಆಶ್ರಮದಲ್ಲೂ ಗಂಜಿ ಕಾಯಿಸಿ ಬಂದವರಿಗೆ ಬಡಿಸುವ ಪದ್ಧತಿ. ಪಾತ್ರೆ ತೊಳೆಯುವವರು ಯಾರು ಎಂದ ಚೌರಪ್ಪ.

"ಪುಣ್ಯವಂತ ಕಣಯ್ಯ ನೀನು," ಎಂದರು ಇನ್ನಾಸಪ್ಪ. "ಸ್ವರ್ಗದಲ್ಲಿರೋ ಸಂತರೆಲ್ಲ ನಿನ್ನ ಕಡೆಗೇ ನಿಂತಿದಾರೆ."

ಸಂಜೆಯ ಪ್ರಾರ್ಥನೆಯಲ್ಲಿ ಮುದುಕರು ದಿನವೂ ಎಂಟು ಹೆಸರು ಓದಿ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಮೇಲೆ ಒಂದು ಹೆಸರು ಓದುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಚೌರಪ್ಪನಿಗೆ ಆ ಹೊತ್ತನ್ನು ತಡೆಯಲಾಗುತ್ತಿರಲಿಲ್ಲ. ಉಗುರಿನಿಂದ ಅಂಗೈ ಚುಚ್ಚಿಕೊಳ್ಳುತ್ತಿದ್ದ.

ಇಪ್ಪತ್ತೊಂದನೇ ತಾರೀಖು ಮತ್ತೊಂದು ಹಬ್ಬ. ಎಳೆಯ ಮಗುವಾಗಿದ್ದ ಮರಿಯಮಾತೆಯನ್ನು ಅವಳ ತಾಯಿ ತಂದೆ ದೇವಾಲಯಕ್ಕೆ ತಂದು ದೇವರಿಗೆ ಒಪ್ಪಿಸಿದ ದಿನ. ಸುತ್ತಲಿನ ಹಳ್ಳಿಯ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರತೊಡಗಿದರು. ಚೌರಪ್ಪ ಅದನ್ನು ನೋಡಿ ಚಪ್ಪಲಿ ಮೆಟ್ಟಿದ. ಅಲ್ಲಿ ಇರುವುದಕ್ಕಿಂತ ಹೋಗುವುದೇ ಸುಲಭ ಅನ್ನಿಸಿತು.

ಮದಲೇನಮ್ಮನ ಮನೆ ಅವನೂರಿನಲ್ಲಿ, ಅವನದೇ ಬೀದಿಯ ಕೊನೆಯಲ್ಲಿತ್ತು. ಬೀದಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು. ಅವನು ಬಂದ ಹಾಗೆ ಒಂದೊಂದಾಗಿ ಮುಚ್ಚಿದವು. ಯಾರೂ ಬೈಯಲಿಲ್ಲ.

ಅವಳು ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂತು, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದಳು. ಒಂದು ಕಾಲು ಮಡಚಲು ಬಾರದೆ ಮುಂದಕ್ಕೆ ಚಾಚಿತ್ತು. ತಲೆಯೆತ್ತಿ ನೋಡಿದಳು. ಕೈ ನಿಲ್ಲಲಿಲ್ಲ.

"ಬಂದೆಯಾ," ಎಂದಳು.

ಚೌರಪ್ಪ ಅಲ್ಲೇ ಅಂಗಳದಲ್ಲಿ ಮಂಡಿಯೂರಿದ.

"ಏಳು. ಮಂಡಿ ಊರದು ಗುಡೀಲಿ. ಇಲ್ಲಿ ಕೋಳಿ ಹೇತಿರ್ತವೆ."

ಅವನು ಎದ್ದ. ಎದ್ದು ಏನು ಮಾಡಬೇಕೆಂದು ತಿಳಿಯಲಿಲ್ಲ.

"ಯಾಕ್ ಬಂದೆ?"

"ಸತ್ತವರ ಹೆಸರು ಬರೆದಿದೀನಿ. ದಿನಾ ಓದ್ತಾರೆ. ಮಗುವಿನ ಹೆಸರು ಗೊತ್ತಿಲ್ಲ."

"ಯಾರಿಗ್ ಬೇಕು ಹೆಸರು? ದೇವರಿಗಾ, ನಿಂಗಾ?"

"ನಂಗೆ."

ಮದಲೇನಮ್ಮ ಒಂದು ಗೂಡು ಬಿಡಿಸಿ ಮಂಕರಿಗೆ ಹಾಕಿದಳು. ಇನ್ನೊಂದು ಬಿಡಿಸಿದಳು.

"ಕೊಡ್ತೀನಿ. ಆದ್ರೆ ನಾನೊಂದ್ ಕೇಳ್ತೀನಿ. ಮೂರು ವರ್ಷದಿಂದ ನಿನ್ನ ಒಬ್ಬನ್ನ ಕೇಳ್ಬೇಕು ಅಂತ ಇಟ್ಕೊಂಡಿವ್ನಿ. ನೀನು ಬರ್ಲಿಲ್ಲ."

"ಕೇಳು."

"ಗಾಡಿ ಬಿದ್ದ ಮ್ಯಾಲೆ ನನ್ ಕೂಸು ಅಳ್ತು. ಅಳ್ತು ಅಂತ ನಾನಂತೀನಿ. ಡಾಕ್ಟ್ರು ಇಲ್ಲ ಅಂದ್ರು, ಬಿದ್ದೇಟ್ಗೇ ಹೋಗಿತ್ತು ಅಂದ್ರು. ಪೊಲೀಸ್ನೋರೂ ಹಂಗೇ ಅಂದ್ರು. ಪಾದ್ರಿಗಳು ಬಂದು, ಅದಕ್ಕೆ ನೋವೇ ಗೊತ್ತಾಗಿಲ್ಲ ಮಗಳೇ, ಸಮಾಧಾನ ಮಾಡ್ಕೋ ಅಂದ್ರು. ನಿನ್ ತಲೆಗೆ ಏಟ್ ಬಿದ್ದೈತೆ, ಅದಕ್ಕೆ ಹಂಗ್ ಕೇಳ್ಸುತ್ತೆ ಅಂತಾರೆ ಎಲ್ಲಾರೂ. ಮಾತ್ರೆ ಕೊಟ್ಟವ್ರೆ. ನುಂಗಿದ್ರೆ ನಿದ್ದೆ ಬತ್ತದೆ, ನಿದ್ದೇಲೂ ಅಳ್ತದೆ."

ಅವಳ ಕೈ ಈಗ ನಿಂತಿತ್ತು.

"ನಂಗೆ ಕಾಲು ಸಿಕ್ಕಾಕೊಂಡಿತ್ತು. ಏರಿ ಮ್ಯಾಲೆ ನೀನ್ ನಿಂತಿದ್ದೆ. ನಿನ್ ಕಾಲು ಕಾಣ್ತಿತ್ತು ನಂಗೆ. ನೀನ್ ಹೇಳು. ನಿಂಗೆ ಕೇಳ್ಸ್ತಾ?"

ಚೌರಪ್ಪ ಅವಳ ಕೈ ನೋಡಿದ. ಬೆರಳಿಗೆಲ್ಲ ರೇಷ್ಮೆಯ ಎಳೆ ಅಂಟಿತ್ತು. ಹೌದು ಎಂದರೆ ಈ ಹೆಂಗಸು ಇಲ್ಲೇ ಬಿದ್ದು ಸಾಯುತ್ತಾಳೆ ಅನ್ನಿಸಿತು. ಹೌದು ಎಂದರೆ ಮುಂದಿನ ಮಾತು ಏನು ಕೇಳುತ್ತಾಳೆಂದೂ ಅವನಿಗೆ ಗೊತ್ತಿತ್ತು.

"ಇಲ್ಲ," ಎಂದ. "ಏನೂ ಕೇಳಿಸ್ಲಿಲ್ಲ."

ಅವಳು ಅವನನ್ನೇ ನೋಡುತ್ತ ಕೂತಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಂಗಾದ್ರೆ ನಂಗೆ ಹುಚ್ಚೇಯ," ಎಂದಳು. ತನಗೆ ತಾನೇ ಹೇಳಿಕೊಂಡಂತಿತ್ತು.

ಚೌರಪ್ಪ ಹೊರಡಲು ತಿರುಗಿದ. ಮತ್ತೆ ಹೆಸರು ಕೇಳುವ ಧೈರ್ಯ ಅವನಿಗಿರಲಿಲ್ಲ.

"ನಿಂತ್ಕೋ. ಕೊಡ್ತೀನಿ ಅಂದಿದ್ದೆ," ಎಂದಳು ಮದಲೇನಮ್ಮ. "ಅಮಲ. ಹೆಣ್ಣು ಕೂಸು. ಅಮಲ ಅಂತ ಬರ್ಕೋ."

ಸಂಜೆಯ ಹೊತ್ತಿಗೆ ಚೌರಪ್ಪ ಆಶ್ರಮಕ್ಕೆ ಬಂದ. ಹಬ್ಬಕ್ಕೆ ಬಂದ ತಾಯಂದಿರು ಹೊರಟುಹೋಗಿದ್ದರು. ಇನ್ನಾಸಪ್ಪ ಪ್ರಾರ್ಥನಾಲಯದ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದರು.

ಚೌರಪ್ಪ ಹಾಳೆ ತೆಗೆದು 'ಒಂದು ಮಗು' ಎಂಬುದನ್ನು ಹೊಡೆದುಹಾಕಿ 'ಅಮಲ' ಎಂದು ಬರೆದ. ಹಾಳೆಯನ್ನು ಗುರುಗಳ ಮುಂದೆ ಹಿಡಿದ.

"ಕೊಟ್ಟಳಾ?"

"ಕೊಟ್ಟಳು."

"ಸುಮ್ಮನೆ ಕೊಟ್ಟಳಾ?"

ಚೌರಪ್ಪ ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದ. ತಾನು ಇಲ್ಲ ಎಂದದ್ದನ್ನೂ ಹೇಳಿದ.

ಇನ್ನಾಸಪ್ಪ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಅದು ಚೌರಪ್ಪನ ಕೈಯಲ್ಲೇ ಉಳಿಯಿತು.

"ಯಾರಿಗೋಸ್ಕರ ಇಲ್ಲ ಅಂದೆ?"

"ಅವಳಿಗೋಸ್ಕರ. ಡಾಕ್ಟ್ರು, ಪಾದ್ರಿಗಳು ಎಲ್ಲಾ ಒಂದು ಸಮಾಧಾನ ಕಟ್ಟಿಕೊಟ್ಟಿದಾರೆ. ಅದನ್ನ ಹೋಗಿ ಒಡೀಲಾ?"

"ಸಮಾಧಾನವಾಗಿ ಇದ್ದಳಾ?"

ಚೌರಪ್ಪ ಕೈಯಲ್ಲಿದ್ದ ಹಾಳೆಯನ್ನು ಮಡಿಸಿದ.

"ಇನ್ನೊಂದ್ಸಲ ಕೇಳ್ತೀನಿ. ಯಾರಿಗೋಸ್ಕರ ಇಲ್ಲ ಅಂದೆ?"

ಹೊರಗೆ ಕತ್ತಲು ಕವಿಯುತ್ತಿತ್ತು. ಪೀಠದ ದೀಪ ಒಂದೇ ಉರಿಯುತ್ತಿತ್ತು.

"ನನಗೋಸ್ಕರ," ಎಂದ ಚೌರಪ್ಪ. "ಕೇಳಿಸಿತು ಅಂದ್ರೆ, ಮತ್ಯಾಕೆ ಕೈ ಹಾಕ್ಲಿಲ್ಲ ಅಂತ ಕೇಳ್ತಾಳೆ. ಅದನ್ನ ಅವಳ ಬಾಯಿಂದ ಕೇಳಕ್ಕೆ ನನ್ನ ಕೈಲಾಗಲ್ಲ."

"ಹೂಂ."

"ಅವಳ ಕಣ್ಣೆದುರು ಇನ್ನೊಂದ್ಸಲ ಓಡಿಬಂದೆ."

"ಹೂಂ."

ಚೌರಪ್ಪ ಬೆಂಚಿನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತ. ಈಗ ಅವನಿಗೆ ಅಳು ಬಂತು. ಮೂರು ವರ್ಷದಿಂದ ಹಕ್ಕಿಲ್ಲವೆಂದು ತಡೆದಿಟ್ಟದ್ದು, ಕೇಳದೆ ಬಂತು. ಇನ್ನಾಸಪ್ಪ ಅವನ ಬೆನ್ನಿನ ಮೇಲೆ ಕೈಯಿಡಲಿಲ್ಲ. ಅಲ್ಲಿಂದ ಎದ್ದು ಹೋಗಲೂ ಇಲ್ಲ.

"ಹೌದು ಅಂದ್ರೆ ಅವಳು ಏನಾಗ್ತಾಳೋ," ಎಂದ ಕೊನೆಗೆ ಚೌರಪ್ಪ.

"ನಂಗೂ ಗೊತ್ತಿಲ್ಲ."

"ನನ್ನ ಕೊಂದರೂ ಕೊಂದಾಳು."

"ಕೊಲ್ಲಬಹುದು."

"ಬೀದಿಯವರು ಸುಮ್ಮನೆ ಬಿಡ್ತಾರಾ?"

"ಬಿಡದೇನೂ ಇರಬಹುದು."

"ಪಾದ್ರಿಗಳು ಕ್ಷಮಾಪಣೆ ಕೊಟ್ಟಾಗಿದೆ. ಮೂರು ಜಪಸರಾನೂ ಮುಗಿಸಿದೀನಿ."

"ಮುಗಿಸಿದೀಯ."

"ಮತ್ತೆ ಹೋಗಿ ನಾನು ಅವಳಿಗೆ ಏನು ಅಂತ ಹೇಳ್ಲಿ ಉಪದೇಶಿಗಳೇ? ಹೇಳಿ ಅವಳಿಗೆ ಏನು ಸಿಗುತ್ತೆ? ಮಗು ಬರುತ್ತಾ?"

ಇನ್ನಾಸಪ್ಪ ಊರುಗೋಲು ಹಿಡಿದು ನಿಧಾನವಾಗಿ ಎದ್ದರು. ನೋವಿನ ಕಾಲನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡಿದರು.

"ಬರಲ್ಲ. ಆದ್ರೆ ಆ ಮಗು ಅಳೋದನ್ನ ಮೂರು ವರ್ಷದಿಂದ ಅವಳೊಬ್ಬಳೇ ಕೇಳ್ತಾ ಕೂತಿದಾಳೆ. ಬೆಳಗ್ಗೆ ಹೋಗು ಚೌರ, ಅವಳ ಜೊತೆ ಕೂತು ಕೇಳು."